ಕಲ್ಲುಗಣಿಯ ಹೊಂಡ ಮತ್ತು ಇಪ್ಪತ್ತು ವರ್ಷಗಳ ಯೋಜನೆ

2009ರ ಜುಲೈ, ಒಂದು ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಸಭೆಗೆ ಹಾಜರಿರಬೇಕಾದವರು ಟ್ರಸ್ಟಿನ ಅಧ್ಯಕ್ಷರು, ಕಾರ್ಯದರ್ಶಿ, ಆರ್ಕಿಟೆಕ್ಟ್ ಮತ್ತು ಕಟ್ಟಡ, ನೀರು, ಚರಂಡಿಗಳ ಮೇಲ್ವಿಚಾರಕನಾದ ನಾನು. ಅಧ್ಯಕ್ಷರು ಬಂದದ್ದು ಹನ್ನೊಂದೂಕಾಲಿಗೆ. ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಠಾಣೆ ನಿಲ್ದಾಣದವರೆಗೆ ನಿಂತೇ ಬಂದು, ಅಲ್ಲಿ ಗಾಡಿ ಬದಲಿಸಿ ಘಣಸೋಲಿಯಲ್ಲಿ ಇಳಿಯುವ ನಾನು ಒಂಬತ್ತಕ್ಕೇ ಕುರ್ಚಿಗಳನ್ನು ಹಾಕಿಸಿದ್ದೆ.

ನಮ್ಮದು ಗುಡ್ಡದ ಬುಡದ ಖಾಸಗಿ ವಿಶ್ವವಿದ್ಯಾಲಯ. ಮುಂದಿನ ಇಪ್ಪತ್ತು ವರ್ಷಗಳ ಕ್ಯಾಂಪಸ್ ಯೋಜನೆ ಅಂದು ಪಾಸಾಗಬೇಕಿತ್ತು. ನುಣುಪು ಕಾಗದದ ಪುಸ್ತಕ. ಮೊದಲ ಪುಟದಲ್ಲಿ ಪರಿಸರದ ಗುರಿಗಳು: ಮಳೆನೀರು ಉಳಿಸುವುದು, ಟ್ಯಾಂಕರ್ ನಿಲ್ಲಿಸುವುದು. ಒಳಗೊಂದು ಪುಟದಲ್ಲಿ, ಈಶಾನ್ಯ ಮೂಲೆಯಲ್ಲಿದ್ದ ಹಳೆಯ ಕಲ್ಲುಗಣಿಯ ಹೊಂಡಕ್ಕೆ ಮಣ್ಣು ತುಂಬಿ ಕಾರು ನಿಲ್ಲಿಸುವ ಜಾಗ! ನಕ್ಷೆಯಲ್ಲಿ ಅದಕ್ಕೆ ಹಸಿರು ಬಣ್ಣ ಬಳಿದಿದ್ದರು.

ಗುಡ್ಡದ ನೀರೆಲ್ಲ ಇಳಿಯುವುದು ಆ ಹೊಂಡಕ್ಕೆ. ಅಲ್ಲಿ ಇಂಗಿದ ನೀರಿನಿಂದಲೇ ನಮ್ಮ ಬೋರ್‌ವೆಲ್ ಮೇ ತಿಂಗಳವರೆಗೆ ನಡೆಯುತ್ತಿತ್ತು. ಹೊಂಡ ಮುಚ್ಚಿದರೆ ಮಳೆಗಾಲದಲ್ಲಿ ಹಾಸ್ಟೆಲಿನೊಳಗೆ ನೀರು, ಬೇಸಿಗೆಯಲ್ಲಿ ಟ್ಯಾಂಕರು. ನಾಲ್ಕು ಮಳೆಗಾಲ ದಿನವೂ ಎಂಟೂವರೆಗೆ ಗುರುತು ಹಾಕಿದ ಬಿದಿರಿನ ಕೋಲು ಇಳಿಸಿ ಆಳ ಬರೆದಿಟ್ಟಿದ್ದೆ. ಆ ಅಳತೆಯ ಪುಸ್ತಕವನ್ನು ಮುಂದಿಟ್ಟೆ. ಕಾರ್ಯದರ್ಶಿ ಅದರ ಮೇಲೆ ಕನ್ನಡಕ ಇಟ್ಟರು. ಕಂಪ್ಯೂಟರಿನ ಪ್ರಕಾರ ನೀರು ಬೇರೆ ಕಡೆ ಹರಿಯುತ್ತದೆ ಎಂದರು ಆರ್ಕಿಟೆಕ್ಟ್. ಅವರು ಜಾಗ ನೋಡಿದ್ದು ಏಪ್ರಿಲಿನಲ್ಲಿ. ಹೊರಗೆ ಮಳೆ ಸುರಿಯುತ್ತಿದೆ, ಬಂದು ನೋಡಿ ಎಂದೆ. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಅಧ್ಯಕ್ಷರು ಸಹಿ ಹಾಕಲು ಪೆನ್ನು ತೆಗೆದರು.

ಆಗ ಕ್ಯಾಂಟೀನ್ ನಡೆಸುವ ಉಡುಪಿ ಕಡೆಯವರು ಚಹಾ ತಂದರು. ಅಧ್ಯಕ್ಷರ ಮುಂದೆ ಕಪ್ಪು ಇಡುತ್ತ ಮರಾಠಿಯಲ್ಲಿ ಮೆಲ್ಲಗೆ ಕೇಳಿದರು: “ಸಾಹೇಬರೇ, ವಾಸ್ತು ಪ್ರಕಾರ ಈಶಾನ್ಯದಲ್ಲಿ ನೀರಿರಬೇಕಲ್ಲ? ಇದ್ದದ್ದನ್ನೇ ಮುಚ್ಚಿಸ್ತೀರಾ?”

ಪೆನ್ನು ಜೇಬಿಗೆ ಮರಳಿತು. ಎರಡು ನಿಮಿಷದಲ್ಲಿ ನಕ್ಷೆಯ ಕಾರುಗಳು ಪಶ್ಚಿಮಕ್ಕೆ ಹೋದವು. ನನ್ನ ನಾಲ್ಕು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ.

ಹೊರಗೆ ಬಂದು ಕ್ಯಾಂಟೀನಿನವರ ಮೇಲೆ ರೇಗಿದೆ. ತೀರ್ಮಾನ ಸರಿ, ಕಾರಣ ಪೂರಾ ತಪ್ಪು ಎಂದೆ.

“ಕಾರಣ ಕುಡೀತೀರಾ ನೀವು? ನಿಮ್ಮ ಅಳತೆ ಪುಸ್ತಕ ಓದುದು ಯಾರು ಮಾರಾಯ್ರೆ? ಬೋರಲ್ಲಿ ನೀರಿಲ್ಲದಿದ್ರೆ ನಾನು ಇಡ್ಲಿಗೆ ಅಕ್ಕಿ ತೊಳಿಯುದು ಎಲ್ಲಿ?”

ಊಟವಾದ ಮೇಲೆ ಅಧ್ಯಕ್ಷರಿಗೆ ಉತ್ಸಾಹ ಉಕ್ಕಿ, ಹೊಂಡದ ತಳಕ್ಕೆ ಕಾಂಕ್ರೀಟ್, ಮೇಲೆ ನೀಲಿ ಟೈಲ್ಸ್, ನಡುವೆ ಕಾರಂಜಿ ಎಂದು ಹೇಳತೊಡಗಿದರು. ಆರ್ಕಿಟೆಕ್ಟ್ ಬರೆದುಕೊಳ್ಳುತ್ತಲೇ ಇದ್ದರು. ಹಾಗೆ ಮಾಡಿದರೆ ಒಂದು ಹನಿಯೂ ಇಂಗುವುದಿಲ್ಲ ಎಂದು ವಿವರಿಸಿದೆ. ಕಾರಂಜಿಯ ಎತ್ತರದ ಮಾತು ಮುಂದುವರಿಯಿತು.

ಆಗ ನಾನೂ ನಾಚಿಕೆ ಬಿಟ್ಟೆ. ನೀರಿಗೂ ಭೂಮಿಗೂ ನಡುವೆ ಸಿಮೆಂಟು ಬಂದರೆ ಅದು ಈಶಾನ್ಯದ ನೀರು ಎನ್ನಿಸುವುದಿಲ್ಲ ಎಂದೆ. ಯಾವ ಶಾಸ್ತ್ರದಲ್ಲಿದೆ ಎಂದು ಯಾರೂ ಕೇಳಲಿಲ್ಲ. ಅಧ್ಯಕ್ಷರು ಗಂಭೀರವಾಗಿ ತಲೆಯಾಡಿಸಿದರು.

ಹೊಂಡದ ತಳಕ್ಕಾಗಲಿ ಬದಿಗಾಗಲಿ ಕಾಂಕ್ರೀಟ್, ಟೈಲ್ಸ್ ಹಾಕಕೂಡದು ಎಂದು ನಡಾವಳಿಯಲ್ಲಿ ನಾನೇ ಟೈಪ್ ಮಾಡಿ, ಅವರು ಕಾರು ಹತ್ತುವ ಮೊದಲು ಸಹಿ ಮಾಡಿಸಿಕೊಂಡೆ. ಐದು ನಲವತ್ತಕ್ಕೆ ಒಂದು ಪ್ರತಿ ಆರ್ಕಿಟೆಕ್ಟ್ ಕೈಗೆ ಕೊಟ್ಟು, ಇನ್ನೊಂದನ್ನು ಫೈಲಿಗೆ ಹಾಕಿ ಕಪಾಟಿಗೆ ಬೀಗ ಹಾಕಿದೆ.