ಎದುರುಮನೆಯ ಬಿಸಿಲು

ಮೈಸೂರಿನ ಗೆಳೆಯ ಶಿವಕುಮಾರ ಹಳ್ಳಿಮನೆಗಳಿಗೆ ಸೋಲಾರ್ ದೀಪ ಹಾಕುವವನು. ಇವತ್ತು ಅವನ ಸ್ಕೂಟರಿನ ಹಿಂದೆ ಪ್ಯಾನೆಲ್ ಅಪ್ಪಿಕೊಂಡು ಕೂತು ಕಡಕೊಳದಾಚೆಯ ಒಂದು ಊರಿಗೆ ಹೋದೆ. ಪುಟ್ಟಮ್ಮ ಎಂಬ ಹಿರಿಯರ ಮನೆ. ಆ ಬೀದಿಗೆ ಇನ್ನೂ ಕರೆಂಟಿನ ಕಂಬ ಬಂದಿಲ್ಲ.

ಹೆಂಚಿನ ಮೇಲೆ ಹತ್ತಿದ ಶಿವಕುಮಾರ ಹಾಗೇ ಇಳಿದುಬಂದ. ಪಕ್ಕದ ಹಲಸಿನ ಮರ ಇಡೀ ಸೂರಿಗೆ ನೆರಳು ಹಾಸಿತ್ತು.

“ಎರಡು ಕೊಂಬೆ ಕಡಿಸಬೇಕಾಗುತ್ತೆ ಕಣಮ್ಮ.”

“ಮರಕ್ಕೆ ಕೊಡ್ಲಿ ಹಾಕೋದಾದ್ರೆ ದೀಪ ಬ್ಯಾಡ ಬುಡಿ. ನಮ್ಮ ಯಜಮಾನ್ರು ನೆಟ್ಟಿದ್ದು ಅದು,” ಎಂದರು ಪುಟ್ಟಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಹಟವಿತ್ತು.

ನಾವು ತಂತಿ ಸುತ್ತಿಕೊಳ್ಳುತ್ತಿರುವಾಗ ಎದುರುಮನೆಯ ಮಹದೇವಪ್ಪ ಜಗಲಿಯಿಂದ ಎದ್ದು ಬಂದರು. ಆ ಮರದ ಎಲೆ ತಮ್ಮ ಅಂಗಳಕ್ಕೆ ಬೀಳುತ್ತದೆಂದು ಜಗಳವಾಡಿ, ಪುಟ್ಟಮ್ಮನವರೊಂದಿಗೆ ಮಾತು ಬಿಟ್ಟವರು ಇವರೇ ಎಂದು ಆಮೇಲೆ ತಿಳಿಯಿತು.

“ನಮ್ಮ ಮನೆ ಮ್ಯಾಲೆ ದಿನಾ ಪೂರ್ತಿ ಬಿಸ್ಲು ಕಣ್ರೀ. ಅಲ್ಲೇ ಇಕ್ಕಿ, ತಂತಿ ಎಳ್ಕಂಡ್ರಾಯ್ತು,” ಎಂದರು ಶಿವಕುಮಾರನಿಗೆ.

ಪುಟ್ಟಮ್ಮನೂ ಅವನಿಗೇ ಹೇಳಿದರು: “ಅಂಗಾದ್ರೆ ನೀವು ತಂದಿರೋ ಎರಡು ಬಲ್ಬಲ್ಲಿ ಒಂದ್ನ ಅವ್ರ ಮನೆಗಾಕಿ.”

ಮಹದೇವಪ್ಪನವರೇ ಏಣಿ ಹಿಡಿದರು. ಚಾರ್ಜ್ ಮಾಡಿ ತಂದಿದ್ದ ಬ್ಯಾಟರಿಗೆ ತಂತಿ ಜೋಡಿಸಿದಾಗ ಮುಸ್ಸಂಜೆ. ಎರಡೂ ಮನೆಗಳಲ್ಲಿ ಒಟ್ಟಿಗೇ ಬೆಳಕಾಯಿತು. ಪುಟ್ಟಮ್ಮ ತಮ್ಮ ಬಲ್ಬನ್ನು ಅರೆಗಳಿಗೆ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು, ಬೀದಿ ದಾಟಿ, ಎದುರುಮನೆಯ ಬಲ್ಬು ನೋಡಲು ಹೋದರು.

ಮಹದೇವಪ್ಪನವರ ಹೆಂಡತಿ ಚಾಪೆ ಹಾಸುತ್ತ, “ಬಾ ಅಕ್ಕ, ಕೂತ್ಕೊ,” ಎಂದದ್ದು ನಮಗೆ ಬೀದಿಯವರೆಗೂ ಕೇಳಿಸಿತು.