ಹತ್ತು ಸಾವಿರದ ಒಂದು

ಸಮ ಗುಂಪುಗಳಾಗಿ ಒಡೆಯದ ಸಂಖ್ಯೆಗೆ, ಕುರಿ ಕಾಯುವ ನಮ್ಮ ಮನೆಯಲ್ಲಿ ತಂಗಿ ‘ಒಂಟಿ’ ಎನ್ನುತ್ತಿದ್ದಳು. ಶಾಲೆಯಲ್ಲಿ ಅದು ಅವಿಭಾಜ್ಯ. ನಾನು ಐದನೆಯ ತರಗತಿಗೇ ಶಾಲೆ ಬಿಟ್ಟವನು.

ಕಾಮಾಲೆಯಿಂದ ಹಾಸಿಗೆ ಹಿಡಿದಿದ್ದ ಅವಳು ಹತ್ತು ಸಾವಿರದ ಒಂದನ್ನು ಸಣ್ಣ ಒಂಟಿಗಳಿಂದ ಭಾಗಿಸುತ್ತ ಎಪ್ಪತ್ತೊಂದರವರೆಗೆ ಬಂದಿದ್ದಳು.

“ಅಣ್ಣಾ, ಇದು ಒಂಟಿ ಐತೇನು, ಕೊಟ್ಟೂರು ಮಾಸ್ತರನ್ನ ಕೇಳ್ಕೊಂಡು ಬಾರೋ.”

ಕೊಟ್ಟೂರಿಗೆ ಹೋದೆ. ಮಾಸ್ತರ ಮುಂದೆ ನಿಲ್ಲಲು ನಾಚಿಕೆಯಾಗಿ, ಕೇಳದೆಯೇ ಮರಳಿದೆ.

“ಒಂಟಿನ ಅಂತ. ಸುಮ್ನ ಮಲ್ಕಾ, ಲೆಕ್ಕದ ಹುಚ್ಚಿ,” ಎಂದು ಸುಳ್ಳು ಹೇಳಿದೆ.

“ನಂಗೂ ಹಂಗ ಅನ್ಸಿತ್ತು,” ಎಂದು ಸ್ಲೇಟು ಕೆಳಗಿಟ್ಟಳು. ಆ ವಾರವೇ ತೀರಿಕೊಂಡಳು.

ಮಣ್ಣಿಗೆ ಬಂದಿದ್ದ ಮಾಸ್ತರು ಸ್ಲೇಟು ನೋಡಿದರು. “ಎಪ್ಪತ್ತೊಂದಾದ ಮ್ಯಾಲೆ ಎಪ್ಪತ್ಮೂರು. ಅದಕ್ಕ ಸರಿಯಾಗಿ ಹೋಗ್ತೈತಲ್ಲೋ! ಯಾಕ ಬಿಟ್ಲು?”

“ಕೈ ಸೋತಿತ್ರಿ ಅಕಿಗೆ,” ಎಂದೆ.