ಮ್ಯಾನೇಜರ್ ಕುರ್ಚಿಯಿಂದ ಮತ್ತೆ ಮೀನಿನ ಮೇಜಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಮ್ಮ ಮೀನುಗಾರರ ಊರು ಡಾಗ್‌ಬೆರಿ ಕೋವ್‌ನ ದಕ್ಕೆಯ ಮೇಲೆ ಮಂಜು ದಟ್ಟವಾಗಿ ಕೂತಿದೆ. ಕಟ್ಟಿಹಾಕಿದ ದೋಣಿಗಳು ಕಾಣುವುದಿಲ್ಲ, ಅವು ಒಂದಕ್ಕೊಂದು ತಾಗುವ ಸದ್ದು ಮಾತ್ರ ಕೇಳುತ್ತದೆ. ದಕ್ಕೆಯ ತುದಿಯ ತಗಡಿನ ಶೆಡ್ಡಿನಲ್ಲಿ ಲೊರೆಟ್ಟಾ ಪಾರ್ಡಿ ರಬ್ಬರ್ ಏಪ್ರನ್ ಬಿಗಿದುಕೊಂಡು ಚಾಕು ಮಸೆಯುತ್ತಿದ್ದಾರೆ. ಹೆಬ್ಬೆರಳಿನಿಂದ ಅಲಗನ್ನು ಮುಟ್ಟಿ ನೋಡಿ, ಪೆಟ್ಟಿಗೆಯಿಂದ ಒಂದು ಕಾಡ್ ಮೀನನ್ನು ಎತ್ತಿ ಮರದ ಮೇಜಿನ ಮೇಲೆ ಹಾಕುತ್ತಾರೆ. ಕಿವಿರಿನ ಹಿಂದೆ ಒಂದು ಗೀರು. ಆಮೇಲೆ ಬೆನ್ನುಮೂಳೆಯ ಗುಂಟ ಬಾಲದವರೆಗೆ ಒಂದೇ ಎಳೆತ. ಬಿಡಿಸಿದ ಮಾಂಸವನ್ನು ಪಕ್ಕದಲ್ಲಿ ಅಡಿಯಿಂದ ದೀಪ ಉರಿಯುವ ಗಾಜಿನ ಮೇಲೆ ಹರಡುತ್ತಾರೆ. ಹುಳು ಇದ್ದರೆ ಆ ಬೆಳಕಿನಲ್ಲಿ ದಾರದ ತುಂಡಿನಂತೆ ಕಾಣುತ್ತದೆ. ಚಾಕುವಿನ ಮೊನೆಯಿಂದ ಅದನ್ನು ಎತ್ತಿ ಬಿಸಾಡಿ ಮುಂದಿನ ಮೀನಿಗೆ ಕೈ ಹಾಕುತ್ತಾರೆ.

"ಮಾತಾಡು, ಪರವಾಗಿಲ್ಲ. ಕೈ ಅದರ ಪಾಡಿಗೆ ಕೆಲಸ ಮಾಡುತ್ತೆ," ಅನ್ನುತ್ತಾರೆ, ಬರೆದುಕೊಳ್ಳಲು ಪುಸ್ತಕ ಹಿಡಿದು ನಿಂತ ನನಗೆ. "ಆದ್ರೆ ಆ ಕಡೆ ನಿಂತ್ಕೋ ಮಗಾ, ಬೂಟಿನ ಮೇಲೆ ಕರುಳು ಬೀಳುತ್ತೆ."

ಅರವತ್ತು ದಾಟಿದ ಲೊರೆಟ್ಟಾ ಒಂದು ಕಾಲಕ್ಕೆ ಇದೇ ಕೊಲ್ಲಿಯ ಆಚೆ ದಡದ ಮೀನು ಕಾರ್ಖಾನೆಯ ಮ್ಯಾನೇಜರ್ ಆಗಿದ್ದವರು. ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು. ಈಗ ಆ ಕಟ್ಟಡದ ಕಿಟಕಿಗಳಿಗೆ ಹಲಗೆ ಬಡಿದಿದ್ದಾರೆ, ಮಾಡಿನ ಮೇಲೆ ಕಡಲಹಕ್ಕಿಗಳು ಗೂಡು ಕಟ್ಟಿವೆ. ಮಂಜಿಲ್ಲದ ದಿನ ಶೆಡ್ಡಿನ ಬಾಗಿಲಿನಿಂದ ಅದು ನೇರ ಕಾಣುತ್ತದೆ. ಲೊರೆಟ್ಟಾ ಅದಕ್ಕೆ ಬೆನ್ನು ಮಾಡಿಯೇ ನಿಲ್ಲುತ್ತಾರೆ. ಯಾಕೆ ಅಂತ ಕೇಳಿದರೆ, "ಬೆಳಕು ಈ ಕಡೆಯಿಂದ ಚೆನ್ನಾಗಿ ಬೀಳುತ್ತೆ" ಅನ್ನುತ್ತಾರೆ.

ಅಕ್ಕ ಉನಾ, ತಂಗಿ ಲೊರೆಟ್ಟಾ ಒಂದೇ ದಿನ ಆ ಕಾರ್ಖಾನೆಗೆ ಸೇರಿದವರು. ಅಪ್ಪನ ದೋಣಿ ಬಿರುಗಾಳಿಗೆ ಸಿಕ್ಕಿ ಹೋದ ಮೇಲೆ ಇಬ್ಬರೂ ಶಾಲೆ ಬಿಟ್ಟರು. ಮೀನು ಸಾಗಿ ಬರುವ ಬೆಲ್ಟಿನ ಬಳಿ ಅಕ್ಕಪಕ್ಕ ನಿಂತು ಮೀನು ಕೊಯ್ದರು. ಇಬ್ಬರಲ್ಲಿ ಉನಾ ಅವರ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಆಚೆಯ ಸಾಲಿನವರು ನಕ್ಕು ನಕ್ಕು ಚಾಕು ಕೆಳಗಿಡುವ ಹಾಗೆ ಮೇಸ್ತ್ರಿಯ ನಡಿಗೆಯನ್ನು ಅಣಕಿಸುತ್ತಿದ್ದರಂತೆ. ಆದರೆ ಸೈರನ್ ಕೂಗಿದ್ದೇ ತಡ, ಅರ್ಧ ಕೊಯ್ದ ಮೀನನ್ನೂ ಹಾಗೇ ಬಿಟ್ಟು ಏಪ್ರನ್ ಬಿಚ್ಚುತ್ತಿದ್ದರು. ಕೂಲಿ ಕೊಟ್ಟಷ್ಟು ಹೊತ್ತು ಕಂಪನಿಯದು, ಮಿಕ್ಕಿದ್ದು ತನ್ನದು ಅನ್ನುವುದು ಅವರ ಲೆಕ್ಕ.

ಲೊರೆಟ್ಟಾ ಹಾಗಲ್ಲ. ಯಾರೂ ಮುಟ್ಟದ ಚರಂಡಿಯ ಜಾಲರಿಯನ್ನು ತಿಕ್ಕಿದವರು ಅವರೇ. ಶೀತಲ ಕೋಣೆಯ ಯಂತ್ರ ಕೆಟ್ಟಾಗ ರಿಪೇರಿಯವನ ಪಕ್ಕದಲ್ಲಿ ನಿಂತು, ಯಾವ ಕೊಳವೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ಕಲಿತರು.

"ಆಗಲ್ಲ ಅನ್ನೋ ಮಾತು ನನ್ನ ಬಾಯಲ್ಲಿ ಬರ್ತಾನೇ ಇರ್ಲಿಲ್ಲ. ಭಾನುವಾರ ಬಾ ಅಂದ್ರೆ ಹೂಂ. ರಜೆ ಬಿಡು ಅಂದ್ರೆ ಹೂಂ. ಉನಾ ರೇಗಿಸೋಳು, 'ಲೊರೀ, ನಿನ್ನ ಮದುವೇಲಿ ಪಾದ್ರಿ ಕೇಳೋಕೆ ಮುಂಚೇನೇ ಹೂಂ ಅಂದ್ಬಿಡ್ತೀಯ ಕಣೇ' ಅಂತ. ಮದುವೇನೇ ಆಗ್ಲಿಲ್ಲ ಬಿಡು. ಕೇಳಿದ ಒಬ್ಬ ಹುಡುಗ ವಸಂತದವರೆಗೂ ಕಾದ. ಆ ವಸಂತದಲ್ಲಿ ಏಡಿಯ ಸುಗ್ಗಿ ಜೋರಾಗಿತ್ತು."

ಆ ಹೂಂ ಅವರನ್ನು ಮೇಲೆ ಹತ್ತಿಸಿತು. ಮೊದಲು ಒಂದು ಸಾಲಿನ ಮೇಲ್ವಿಚಾರಣೆ, ಆಮೇಲೆ ಗುಣಮಟ್ಟ ನೋಡುವ ಕೆಲಸ, ಆಮೇಲೆ ಮೀನು ಕೊಯ್ಯುವ ಇಡೀ ಕೆಲಸದ ಮನೆ, ಕಡೆಗೆ ಗಾಜಿನ ಕೋಣೆಯ ಕುರ್ಚಿ. ಉನಾ ಮಾತ್ರ ಅದೇ ಬೆಲ್ಟಿನ ಪಕ್ಕದಲ್ಲಿ ಉಳಿದರು. ಹೊಟ್ಟೆಕಿಚ್ಚು ಇರಲಿಲ್ಲ ಎಂದು ಊರಿನವರೆಲ್ಲ ಹೇಳುತ್ತಾರೆ. ತಂಗಿ ಮ್ಯಾನೇಜರ್ ಆದ ದಿನ ಕಾರ್ಖಾನೆಯ ಎಲ್ಲರಿಗೂ ಕಾಕಂಬಿ ಹಾಕಿದ ಬನ್ನು ಮಾಡಿ ತಂದು ಹಂಚಿದ್ದು ಉನಾ ಅವರೇ.

ಕಾರ್ಖಾನೆ ಮುಚ್ಚುವ ಸುದ್ದಿ ಲೊರೆಟ್ಟಾ ಅವರ ಕಿವಿಗೆ ಬಿದ್ದಾಗ ಕೊಲ್ಲಿಯಲ್ಲಿ ಇನ್ನೂ ಮಂಜುಗಡ್ಡೆ ತೇಲುತ್ತಿತ್ತು. ರಾಜಧಾನಿಯಿಂದ ಮಾಲೀಕರು ಫೋನು ಮಾಡಿದ್ದರು. ಈ ಸುಗ್ಗಿಯೇ ಕೊನೆ, ಯಾರಿಗೂ ಹೇಳಬಾರದು, ಹೇಳಿದರೆ ಜನ ಸುಗ್ಗಿಯ ಮಧ್ಯದಲ್ಲೇ ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಸದ್ದಿಲ್ಲದೆ ಮುಗಿಸಿಕೊಟ್ಟರೆ ಕಂಪನಿಯ ಉಳಿದ ಅಷ್ಟೂ ಕಾರ್ಖಾನೆಗಳ ಉಸ್ತುವಾರಿ ಲೊರೆಟ್ಟಾ ಅವರಿಗೇ.

"ಆಗ್ಲೂ ಹೂಂ ಅಂದೆ," ಎಂದು ಲೊರೆಟ್ಟಾ ಹೇಳುವಾಗ ಚಾಕು ಒಂದು ಕ್ಷಣ ನಿಲ್ಲುತ್ತದೆ.

ಮೇ ತಿಂಗಳ ಒಂದು ಭಾನುವಾರ. ಉನಾ ಎಂದಿನಂತೆ ಬಾಗಿಲು ತಟ್ಟದೆ ಒಳಗೆ ಬಂದು ತಂಗಿಯ ಅಡುಗೆಮನೆಯಲ್ಲಿ ಕೂತರು. ಪಕ್ಕದೂರಿನ ವೃದ್ಧಾಶ್ರಮದಲ್ಲಿ ಅಡುಗೆಯವರು ಬೇಕಾಗಿದ್ದರು. ಖಾಯಂ ಕೆಲಸ, ಕೂತು ದಣಿವಾರಿಸಿಕೊಳ್ಳಲು ಬಿಡುವೂ ಇರುವಂಥದ್ದು.

"'ಹೋಗ್ಲಾ, ಇಲ್ಲೇ ಇರ್ಲಾ? ನೀನು ಹೇಳಿದ ಹಾಗೆ' ಅಂದ್ಲು. ನಾನು ಎದ್ದು ಕೆಟಲಿಗೆ ನೀರು ಹಿಡಿಯೋಕೆ ಹೋದೆ. ಕೆಟಲ್ ತುಂಬಿತ್ತು. ಚೆಲ್ಲಿ ಮತ್ತೆ ತುಂಬಿಸಿದೆ. 'ನಿನಗೆ ಹೇಗೆ ಅನ್ಸುತ್ತೋ ಹಾಗೆ ಮಾಡು' ಅಂದೆ. ಅವಳು ನಕ್ಕಳು. 'ಹಾಗಾದ್ರೆ ಫ್ಯಾಕ್ಟರಿ ಗಟ್ಟಿಯಾಗಿದೆ ಅಂತಾಯ್ತು. ಇಲ್ದಿದ್ರೆ ನೀನು ಹೇಳ್ತಿದ್ದೆ' ಅಂದ್ಲು."

ಉನಾ ಆ ಕೆಲಸಕ್ಕೆ ಹೋಗಲಿಲ್ಲ. ಅಲ್ಲಿಗೆ ಬೇರೆ ಯಾರೋ ಸೇರಿದರು.

ಸುಗ್ಗಿ ಮುಗಿಯಿತು. ಶುಕ್ರವಾರ ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಗೇಟಿಗೆ ನೋಟಿಸು ಅಂಟಿಸಿ ಬೀಗ ಹಾಕಿಬಿಡಿ ಎಂದು ಮೇಲಿನಿಂದ ಅಪ್ಪಣೆ ಬಂತು. ಲೊರೆಟ್ಟಾ ಆ ನೋಟಿಸನ್ನು ಮೇಜಿನ ಮೇಲೇ ಬಿಟ್ಟು, ಶುಕ್ರವಾರ ಬೆಳಿಗ್ಗೆಯೇ ಕೆಲಸದ ಮನೆಗೆ ಇಳಿದರು. ಬೆಲ್ಟ್ ನಿಲ್ಲಿಸಿದರು. ಒಬ್ಬೊಬ್ಬರ ಎದುರಿಗೂ ಹೋಗಿ ನಿಂತು, ಹೆಸರು ಹಿಡಿದು ಕರೆದು ಹೇಳಿದರು. ಕೆಲವರು ಅತ್ತರು. ಒಬ್ಬಾಕೆ ಕಾಲ ಬಳಿ ಉಗಿದಳು. ನನ್ನ ಚಿಕ್ಕಮ್ಮನೂ ಆ ಸಾಲಿನಲ್ಲಿದ್ದಳು. "ಮುಖ ಬಿಳಿಚಿಕೊಂಡಿತ್ತು ಕಣೋ, ಆದ್ರೂ ಕಣ್ಣು ತಪ್ಪಿಸಲಿಲ್ಲ ಆ ಹೆಂಗಸು" ಎಂದು ಆಕೆ ಈಗಲೂ ಹೇಳುತ್ತಾಳೆ, ಮೆಚ್ಚುಗೆಯಿಂದಲ್ಲ.

ಕೊನೆಯಲ್ಲಿ ಉಳಿದವರು ಉನಾ. ಕೈಯಲ್ಲಿ ಚಾಕು ಹಾಗೇ ಇತ್ತು.

"'ನಾನು ಅಡುಗೆ ಕೆಲಸದ ವಿಷಯ ಕೇಳಿದಾಗ ನಿನಗೆ ಗೊತ್ತಿತ್ತಾ?' ಅಂದ್ಲು. 'ಗೊತ್ತಿತ್ತು' ಅಂದೆ. ಅವಳು ನಲ್ಲಿ ಹತ್ರ ಹೋಗಿ ಚಾಕು ತೊಳೆದ್ಲು, ಒರೆಸಿದ್ಲು, ತಂದು ನನ್ನ ಕೈಗೆ ಕೊಟ್ಲು. 'ಒಳ್ಳೇ ಕೆಲಸಗಾತಿ ನೀನು, ಲೊರೀ' ಅಂದ್ಲು. ಬೈದಿದ್ರೆ ಚೆನ್ನಾಗಿತ್ತು. ಹೊಡೆದಿದ್ರೂ ಚೆನ್ನಾಗಿತ್ತು."

ಹೇಳಿದ್ದನ್ನು ಮೀರಿದ್ದಕ್ಕೆ ಕಂಪನಿಯ ದೊಡ್ಡ ಹುದ್ದೆ ಬರಲಿಲ್ಲ. ಇದನ್ನು ಬರೆದುಕೊಳ್ಳುತ್ತಿದ್ದಾಗ ಲೊರೆಟ್ಟಾ ನನ್ನನ್ನು ತಡೆದರು. "ನಾನು ತ್ಯಾಗ ಗೀಗ ಮಾಡಿದೆ ಅಂತ ಬರೀಬೇಡ. ಅವರೇ ಕೊಡ್ಲಿಲ್ಲ. ಕೊಟ್ಟಿದ್ರೆ ಹೋಗ್ತಿದ್ದೆನೋ ಏನೋ, ಯಾರಿಗ್ಗೊತ್ತು."

ಉನಾ ಮತ್ತು ಅವರ ಗಂಡ ಆ ಚಳಿಗಾಲದಲ್ಲೇ ದೇಶದ ಇನ್ನೊಂದು ತುದಿಗೆ, ಆಲ್ಬರ್ಟಾದ ಎಣ್ಣೆ ಬಾವಿಗಳ ಕಡೆಗೆ ಹೊರಟರು. ನಮ್ಮ ಊರಿನ ಅರ್ಧ ಜನ ಹಾಗೆಯೇ ಹೋದರು. ಅಲ್ಲಿ ಕೆಲಸಗಾರರ ಬಿಡಾರಗಳಲ್ಲಿ ಉನಾ ಅಡುಗೆ ಮಾಡಿದರು, ನೆಲ ಒರೆಸಿದರು. ಗಂಡ ಅಲ್ಲೇ ತೀರಿಕೊಂಡರು. ಹೋದ ವರ್ಷ ಸೊಂಟ ಪೂರ್ತಿ ಕೆಟ್ಟ ಮೇಲೆ ಒಂಟಿಯಾಗಿ ಊರಿಗೆ ಮರಳಿ, ಗುಡ್ಡದ ಮೇಲಿನ ತಮ್ಮ ಹಳದಿ ಮನೆಯ ಬೀಗ ತೆಗೆದರು.

ಲೊರೆಟ್ಟಾ ಊರು ಬಿಟ್ಟಿರಲಿಲ್ಲ. ಇಲ್ಲಿ ಅವರ ಹೆಸರು 'ಕಂಪನಿ ಲೊರೆಟ್ಟಾ' ಎಂದೇ ಆಗಿಹೋಗಿತ್ತು. ಚರ್ಚಿನ ಹಾಲಿನಲ್ಲಿ ಬಿಂಗೋ ಆಡಲು ಹೋದರೆ ಪಕ್ಕದ ಕುರ್ಚಿ ಖಾಲಿ ಉಳಿಯುತ್ತಿತ್ತು. ಮೀನುಗಾರರು ಸೇರಿಕೊಂಡು ದಕ್ಕೆಯಲ್ಲಿ ಈ ಸಣ್ಣ ಶೆಡ್ಡು ಕಟ್ಟಿದಾಗ ಅವರು ತಾವಾಗಿ ಬಂದು ಕೊಯ್ಯುವ ಕೆಲಸ ಕೇಳಿದರು. ಶೆಡ್ಡಿನ ಜವಾಬ್ದಾರಿ ಹೊತ್ತ ಮುದುಕ ಆಂಬ್ರೋಸ್ ಕೀಪಿಂಗ್ ಆ ದಿನವನ್ನು ನೆನೆಯುತ್ತಾರೆ.

"ಉಸ್ತುವಾರಿ ನೋಡ್ಕೋ ಅಂದೆ. ಬೇಡ ಅಂದ್ಲು. ಜೀವಮಾನದಲ್ಲಿ ಅವಳ ಬಾಯಲ್ಲಿ ಬೇಡ ಅನ್ನೋದು ಕೇಳಿದ್ದು ಅದೇ ಮೊದಲು. ನನಗೆ ಗಾಬರಿಯಾಗಿ, ಹುಷಾರಾಗಿದ್ದೀಯ ತಾನೇ ಅಂತ ಕೇಳಿಬಿಟ್ಟೆ."

ಕೆಲಸದ ಬಗ್ಗೆ ಈಗಿನವರಿಗೆ ಏನು ಹೇಳುತ್ತೀರಿ ಎಂದು ಲೊರೆಟ್ಟಾ ಅವರನ್ನು ಕೇಳುತ್ತೇನೆ. ಅವರು ಕೈಯಲ್ಲಿದ್ದ ಮೀನನ್ನು ಕೊಯ್ದು ಗಾಜಿನ ಮೇಲೆ ಹರಡುತ್ತಾರೆ. "'ನಿನ್ನ ಚಿಕ್ಕಮ್ಮನ ಥರ ಮೈಮುರಿದು ದುಡಿ, ಮೇಲೆ ಬರ್ತೀಯ' ಅಂತ ಉನಾನೇ ತನ್ನ ಮಗಳಿಗೆ ಹೇಳ್ತಿದ್ಲಂತೆ. ಅದು ಸುಳ್ಳಲ್ಲ. ನಾನು ಮೇಲೆ ಬಂದೆ. ಆದ್ರೆ ಕೆಲಸಕ್ಕೆ ಹೂಂ ಅನ್ನೋದೂ ಕೆಲಸ ಕೊಟ್ಟೋರಿಗೆ ಹೂಂ ಅನ್ನೋದೂ ಒಂದೇ ಅಂದ್ಕೊಂಡೆ. ಅಲ್ಲೇ ಎಡವಿದ್ದು."

ಈ ಬೇಸಿಗೆಯಲ್ಲಿ ಕಾಡ್ ಮೀನು ಹೇರಳವಾಗಿ ಬಿತ್ತು. ಕೊಯ್ಯುವ ಕೈ ಸಾಲದೆ ಆಂಬ್ರೋಸ್ ಗುಡ್ಡ ಹತ್ತಿ ಉನಾ ಅವರ ಮನೆಗೆ ಹೋಗಿ, ಚಹಾ ಕುಡಿದು, ಬೇಡಿಕೊಂಡು ಬಂದರು. ಮಾರನೆಯ ಬೆಳಿಗ್ಗೆ ಉನಾ ಬಂದರು. ಮೇಜಿನ ಆಚೆ ಬದಿಗೆ ನಿಂತು ಚಾಕು ತೆಗೆದುಕೊಂಡರು. ತಂಗಿಯತ್ತ ನೋಡಲಿಲ್ಲ. ಇಬ್ಬರೂ ಒಂದೇ ಪೆಟ್ಟಿಗೆಯಿಂದ ಮೀನು ಎತ್ತುತ್ತ ಕೊಯ್ಯುತ್ತ ಹೋದರು. ಆಮೇಲೆ ಸೊಂಟದ ನೋವು ತಾಳದೆ ಉನಾ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದರು. ಹಣೆಯಲ್ಲಿ ಬೆವರು. ಲೊರೆಟ್ಟಾ ಒಂದು ಪೆಟ್ಟಿಗೆಯನ್ನು ಮಗುಚಿ ಕೂರಲೆಂದು ಅವರ ಕಡೆಗೆ ಸರಿಸಿದರು.

"ಬೇಡ. ನೀನು ನಿಂತು ಕೊಯ್ಯೋವಾಗ ನಾನು ಕೂತಿರ್ಲಾ?" ಎಂದರು ಉನಾ. ಇಷ್ಟು ವರ್ಷಗಳಲ್ಲಿ ತಂಗಿಗೆ ಆಡಿದ ಮೊದಲ ಮಾತು. ಕೈಯಲ್ಲಿದ್ದ ಮೀನನ್ನು ಪೂರ್ತಿ ಕೊಯ್ದು ಮುಗಿಸಿ, ಏಪ್ರನ್ ಕಳಚಿಟ್ಟು, ಗೋಡೆ ಹಿಡಿದುಕೊಂಡು ಹೊರಟುಹೋದರು. ಮತ್ತೆ ಬಂದಿಲ್ಲ.

ನಾನು ಉನಾ ಅವರ ಮನೆಗೂ ಹೋಗಿದ್ದೆ. ಚಹಾ ಕೊಟ್ಟರು, ಕರಿದ ಬೊಲೋನಿ ಮಾಂಸದ ಬಿಲ್ಲೆ ಕೊಟ್ಟರು, ತಂಗಿಯ ಮಾತು ತೆಗೆದಾಗ ಕಿಟಕಿಯ ಕಡೆಗೆ ತಿರುಗಿದರು. "ಅವಳು ಕೆಲಸಗಾತಿ ಅಂತ ಬರೀ. ಅಷ್ಟು ಬರೆದ್ರೆ ಸಾಕು. ಇನ್ನೊಂದು ಲೋಟ ಹಾಕ್ಲಾ?"

ಸೂರ್ಯ ಮೇಲೇರಿ ಮಂಜು ಹರಿದಾಗ ಲೊರೆಟ್ಟಾ ಅವರ ಪೆಟ್ಟಿಗೆಗಳು ಖಾಲಿಯಾಗಿರುತ್ತವೆ. ನೀರು ಹೊಡೆದು ನೆಲ ತೊಳೆದಾದ ಮೇಲೆ ಆಂಬ್ರೋಸ್ ಗರಗಸ ಹಿಡಿದುಕೊಂಡು ಬರುತ್ತಾರೆ. ಮೇಜನ್ನು ಇಬ್ಬರೂ ಸೇರಿ ಮಗುಚುತ್ತಾರೆ. ನಾಲ್ಕೂ ಕಾಲುಗಳ ಮೇಲೆ, ಮೇಜು ಕೂತವರ ಮೊಣಕೈಯ ಎತ್ತರಕ್ಕೆ ಇಳಿಯುವ ಹಾಗೆ, ಲೊರೆಟ್ಟಾ ಆಗಲೇ ಸೀಮೆಸುಣ್ಣದಿಂದ ಗೆರೆ ಎಳೆದಿಟ್ಟಿದ್ದಾರೆ.

"ನಾಲ್ಕನ್ನೂ ಕತ್ತರಿಸಿದ್ರೆ ನೀನೂ ಕೂತೇ ಕೊಯ್ಯಬೇಕಾಗುತ್ತೆ, ಮಾರಾಯ್ತಿ. ನಿನಗೆ ಕೂತು ಅಭ್ಯಾಸ ಇಲ್ಲ," ಅನ್ನುತ್ತಾರೆ ಆಂಬ್ರೋಸ್.

"ಕಲೀತೀನಿ. ನೀನು ಕತ್ತರಿಸು."

ಗರಗಸ ಮರಕ್ಕೆ ಕಚ್ಚುತ್ತದೆ. ಲೊರೆಟ್ಟಾ ಮೇಜನ್ನು ಅಲುಗದಂತೆ ಒತ್ತಿ ಹಿಡಿದಿದ್ದಾರೆ. ಉನಾ ಅವರಿಗೆ ಹೇಳಿ ಕಳಿಸುತ್ತೀರಾ ಎಂದು ಕೇಳುತ್ತೇನೆ. ಅವರು ತಲೆ ಅಲ್ಲಾಡಿಸುತ್ತಾರೆ.

"ನಾನು ಕರೆದ್ರೆ ಮ್ಯಾನೇಜರ್ ಕರೆದ ಹಾಗೆ ಆಗುತ್ತೆ. ಅವಳಾಗೇ ಬರ್ಲಿ. ಬಂದ್ರೆ ಕೂರೋಕೆ ಜಾಗ ಇರುತ್ತೆ."